ಹಸುವಿನ ಉಸಿರು, ಶ್ರಾವಕನ ಮಿತಿ

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಆ ಹೆಸರು ಬಂದದ್ದು ಅಲ್ಲಿನ ಪಂಚಕೂಟ ಬಸದಿಯ ಮುಂದೆ ನಿಂತಿರುವ ಕಂಬದಿಂದ. ಗಂಗರ ಕಾಲದ ಆ ಬಸದಿಯ ಪ್ರಧಾನ ಗರ್ಭಗೃಹದಲ್ಲಿ ಆದಿನಾಥ ತೀರ್ಥಂಕರರು ಧ್ಯಾನಸ್ಥರಾಗಿದ್ದಾರೆ. ವೃಷಭದೇವರೆಂದೂ ಕರೆಯಲ್ಪಡುವ ಈ ಪ್ರಥಮ ಜಿನರ ಲಾಂಛನ ವೃಷಭ, ಅಂದರೆ ಎತ್ತು. ಕರ್ಮಭೂಮಿಯ ಆರಂಭದಲ್ಲಿ ಬದುಕುವ ಬಗೆ ತಿಳಿಯದೆ ನಿಂತ ಜನರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಬೋಧಿಸಿದವರು ಅವರೇ ಎಂದು ಜೈನ ಪುರಾಣಗಳು ಹೇಳುತ್ತವೆ. ಬೇಸಾಯವನ್ನು ಕಲಿಸಿದ ಗುರುವಿನ ಗುರುತಾಗಿ ಎತ್ತು ನಿಂತಿರುವುದರಲ್ಲಿ ಒಂದು ಔಚಿತ್ಯವಿದೆ.

ಆ ಬಸದಿಯ ಸುತ್ತಲಿನ ಸೀಮೆಯಲ್ಲಿ ಇಂದಿಗೂ ಬೆಳಗಾಗುವುದು ಕೊಟ್ಟಿಗೆಯಲ್ಲಿಯೇ. ನಾಗಮಂಗಲದ ಮಳೆಯಾಶ್ರಿತ ಹೊಲಗಳ ರಾಗಿ ಹುಲ್ಲು, ಕೃಷ್ಣರಾಜಪೇಟೆಯ ಹೇಮಾವತಿ ನಾಲೆಯ ಬದಿಯ ಹಸಿರು ಮೇವು, ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಗದ್ದೆ ಬಯಲಿನ ಭತ್ತದ ಹುಲ್ಲು, ಕಬ್ಬಿನ ಸೋಗೆ: ಇವೆಲ್ಲ ಸೇರುವುದು ಹಸುವಿನ ಗೊಂತಿಗೆ. ಅಲ್ಲಿಂದ ಹಾಲಾಗಿ ಕ್ಯಾನಿಗೆ, ಕ್ಯಾನಿನಿಂದ ಊರ ಡೇರಿಗೆ. ಕಬ್ಬಿನ ಹಣ ವರ್ಷಕ್ಕೊಮ್ಮೆ ಕೈಸೇರಿದರೆ ಹೆಚ್ಚು. ಭತ್ತದ ಬೆಲೆ ಯಾರ ಕೈಯಲ್ಲಿಯೂ ಇಲ್ಲ. ಡೇರಿಯ ಹಣ ಮಾತ್ರ ತಪ್ಪದೆ ಬರುತ್ತದೆ. ಮಕ್ಕಳ ಶಾಲೆಯ ಶುಲ್ಕ, ಅಂಗಡಿಯ ಸಾಲ, ಔಷಧದ ಖರ್ಚು ತೀರುವುದು ಅದರಿಂದ. ತುಂಡು ಭೂಮಿಯೂ ಇಲ್ಲದ ಮನೆಗಳಲ್ಲಿ ಒಂದೆರಡು ಹಸುಗಳೇ ಆಸ್ತಿ. ಅವನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳೇ ಆ ಮನೆಯ ಆಧಾರ.

ಇಂಥ ಹಸುವಿನ ಮೇಲೆ ಈಗ ಹೊಸತೊಂದು ಆಪಾದನೆ ಬಂದಿದೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಹಸುವಿನ ಉಸಿರೂ ಒಂದು ಕಾರಣ ಎಂಬುದೇ ಆ ಆಪಾದನೆ. ಕೇಳಿದೊಡನೆ ನಗು ಬರಬಹುದು, ಸಿಟ್ಟೂ ಬರಬಹುದು. ಆದರೆ ಅದು ಸುಳ್ಳಲ್ಲ. ಸತ್ಯವನ್ನು ವ್ರತವಾಗಿ ಸ್ವೀಕರಿಸಿದವರು ಅಪ್ರಿಯವಾದ ಸತ್ಯವನ್ನೂ ತಾಳ್ಮೆಯಿಂದ ಕೇಳಿಸಿಕೊಳ್ಳಬೇಕಾಗುತ್ತದೆ.

ಹಸು, ಎಮ್ಮೆ, ಕುರಿ, ಮೇಕೆಗಳು ಮೆಲುಕು ಹಾಕುವ ಪ್ರಾಣಿಗಳು. ಮನುಷ್ಯನಿಗೆ ಜೀರ್ಣವಾಗದ ಹುಲ್ಲು ಅವುಗಳಿಗೆ ಆಹಾರವಾಗುವುದು ಹೊಟ್ಟೆಯ ಮೊದಲ ಕೋಣೆಯಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳಿಂದ. ಗಾಳಿಯಾಡದ ಆ ಕೋಣೆಯಲ್ಲಿ ನಾರು ಕೊಳೆತು ಕರಗುವಾಗ ಮೀಥೇನ್ ಎಂಬ ಅನಿಲ ಹುಟ್ಟಿ, ಬಹುಪಾಲು ತೇಗಿನ ಮೂಲಕ ಹೊರಬರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇದು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಮನುಷ್ಯನ ಚಟುವಟಿಕೆಗಳಿಂದ ಜಗತ್ತಿನಲ್ಲಿ ಹೊಮ್ಮುವ ಮೀಥೇನಿನಲ್ಲಿ ಸುಮಾರು ಮೂರನೇ ಒಂದು ಭಾಗ ಜಾನುವಾರುಗಳದು ಮತ್ತು ಅವುಗಳ ಸಗಣಿಯದು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 19 ಕೋಟಿಗೂ ಹೆಚ್ಚು ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇವೆ. ಲೆಕ್ಕದಿಂದ ನಾವು ಹೊರಗುಳಿಯುವಂತಿಲ್ಲ.

ಇಲ್ಲಿ ಎರಡು ಏಕಾಂತ ದೃಷ್ಟಿಗಳು ಎದುರುಬದುರಾಗುತ್ತವೆ. ಹಸುವೇ ಅಪರಾಧಿ, ಅದನ್ನು ಕಡಿಮೆ ಮಾಡಿದರೆ ಲೋಕ ಉಳಿಯಿತು ಎನ್ನುವುದು ಒಂದು. ಹಸು ಪೂಜ್ಯ, ಅದರ ಬಗ್ಗೆ ಪ್ರಶ್ನೆ ಎತ್ತುವುದೇ ತಪ್ಪು ಎನ್ನುವುದು ಇನ್ನೊಂದು. ಅನೇಕಾಂತವನ್ನು ನಂಬಿದವರು ಎರಡರಲ್ಲಿರುವ ಸತ್ಯದ ಅಂಶವನ್ನೂ ಗುರುತಿಸಬೇಕು, ಎರಡರ ಹಟವನ್ನೂ ಬಿಡಬೇಕು.

ಹಸುವಿನ ಪರವಾಗಿ ಹೇಳಬೇಕಾದದ್ದು ಇಷ್ಟು. ಅದರ ಉಸಿರಿನಲ್ಲಿರುವ ಇಂಗಾಲ ನಿನ್ನೆ ಮೊನ್ನೆ ಹುಲ್ಲು ಗಾಳಿಯಿಂದಲೇ ಹೀರಿಕೊಂಡದ್ದು. ಕಲ್ಲಿದ್ದಲು, ಪೆಟ್ರೋಲುಗಳ ಇಂಗಾಲವಾದರೋ ಕೋಟ್ಯಂತರ ವರ್ಷ ಭೂಗರ್ಭದಲ್ಲಿ ಮಲಗಿದ್ದುದನ್ನು ಮನುಷ್ಯ ಅಗೆದು ತಂದು ಸುಟ್ಟದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡು ಹಸು ಸಾಕಿ ಸಂಸಾರ ನಡೆಸುವವರನ್ನೂ ನಾಲ್ಕು ಕಾರು ಇಟ್ಟುಕೊಂಡವರನ್ನೂ ಸಮನಾಗಿ ದೂಷಿಸುವುದು ನ್ಯಾಯವಲ್ಲ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದ ಸಂದರ್ಭದಲ್ಲಿ ಅನೇಕ ರಾಷ್ಟ್ರಗಳು ಒಟ್ಟಾಗಿ 2030ರ ಹೊತ್ತಿಗೆ ಮೀಥೇನನ್ನು 2020ರ ಮಟ್ಟದಿಂದ ಶೇ 30ರಷ್ಟು ತಗ್ಗಿಸುವ ಸಂಕಲ್ಪ ಮಾಡಿದವು. ಭಾರತ ಆ ಸಂಕಲ್ಪಕ್ಕೆ ಸಹಿ ಹಾಕಲಿಲ್ಲ. ಭತ್ತ ಮತ್ತು ಪಶುಪಾಲನೆಯನ್ನು ನೆಚ್ಚಿದ ಸಣ್ಣ ರೈತರ ಬದುಕಿನ ಪ್ರಶ್ನೆ ಅದರ ಹಿಂದಿತ್ತು.

ರಾಷ್ಟ್ರವು ಸಹಿ ಹಾಕದಿದ್ದುದರಿಂದ ಶ್ರಾವಕನ ಕರ್ತವ್ಯ ಮುಗಿಯುವುದಿಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಇವೆಲ್ಲ ಜೀವಗಳ ಶರೀರಗಳೆಂದು ಬಹು ಹಿಂದೆಯೇ ಕಂಡ ದರ್ಶನ ನಮ್ಮದು. ಗಾಳಿಯನ್ನು ವಾಯುಕಾಯಿಕ ಜೀವಗಳ ಲೋಕವೆಂದು ಭಾವಿಸುವವರಿಗೆ ಅದರಲ್ಲಿ ಏನು ಬೆರೆಯುತ್ತಿದೆ ಎಂಬುದು ಪರಕೀಯ ವಿಷಯವಾಗಲಾರದು. ಬಿಸಿಯ ಪರಿಣಾಮವಂತೂ ನಮ್ಮ ಕಣ್ಣ ಮುಂದಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಒಂದೇ ವರ್ಷದ ಬರವನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಿಬಿಡುವುದು ಸರಿಯಲ್ಲ. ಆದರೆ ಭೂಮಿ ಬಿಸಿಯಾದಂತೆ ಮಳೆಯ ಹದ ತಪ್ಪುತ್ತದೆ ಎಂಬುದನ್ನು ವಿಜ್ಞಾನಿಗಳು ಎಚ್ಚರಿಸುತ್ತಲೇ ಇದ್ದಾರೆ. ಹಾಗೆ ಮಳೆ ತಪ್ಪಿದ ವರ್ಷ ಮೊದಲು ಹಸಿಯುವುದು ಗೊಂತಿನಲ್ಲಿ ಕಟ್ಟಿದ ಮೂಕಪ್ರಾಣಿ.

ಹಾಗಾದರೆ ಶ್ರಾವಕ ಮಾಡಬೇಕಾದದ್ದೇನು? ಉತ್ತರವನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ.

ಸಂಸಾರದಲ್ಲಿದ್ದುಕೊಂಡು ಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಸಾಧ್ಯವಿಲ್ಲವೆಂದು ನಮ್ಮ ಆಚಾರ್ಯರು ಬಲ್ಲರು. ಆದುದರಿಂದಲೇ ಸಂಕಲ್ಪಪೂರ್ವಕವಾದ ಹಿಂಸೆಯನ್ನು ಗೃಹಸ್ಥನಿಗೆ ನಿಷೇಧಿಸಿ, ಅಡುಗೆ, ಬೇಸಾಯ, ಉದ್ಯೋಗಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ಆರಂಭೀ ಮತ್ತು ಉದ್ಯೋಗೀ ಹಿಂಸೆಯೆಂದು ಬೇರೆಯಾಗಿ ಗುರುತಿಸಿದರು. ಪಶುಪಾಲನೆಯಿಂದ ಹೊಮ್ಮುವ ಮೀಥೇನ್ ಈ ಎರಡನೆಯ ಬಗೆಗೆ ಸೇರಿದ್ದು. ಅನಿವಾರ್ಯವೆಂದ ಮಾತ್ರಕ್ಕೆ ಅದು ಲೆಕ್ಕಕ್ಕಿಲ್ಲ ಎಂದಲ್ಲ. ಎಚ್ಚರದಿಂದ ಅದನ್ನು ಕನಿಷ್ಠಕ್ಕಿಳಿಸುವುದೇ ಅಣುವ್ರತದ ಅರ್ಥ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಓದುತ್ತ ಹೋದಂತೆ ಇದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬರೆದ ಪಟ್ಟಿಯಂತೆ ಕಾಣುತ್ತದೆ. ದಿನವಿಡೀ ಗೇಣುದ್ದದ ಹಗ್ಗದಲ್ಲಿ ಕಟ್ಟಿದ ಹಸು, ಬಾರುಕೋಲಿನ ಏಟು, ಮೂಗುದಾರದ ಗಾಯ, ಕಾರ್ಖಾನೆಯ ದಾರಿಯಲ್ಲಿ ಏರಿಗೆ ಏದುಸಿರು ಬಿಡುವ ಕಬ್ಬಿನ ಗಾಡಿಯ ಎತ್ತು: ಇವನ್ನು ಕಾಣದವರು ಈ ಸೀಮೆಯಲ್ಲಿ ಯಾರಿದ್ದಾರೆ?

ಐದರಲ್ಲಿ ಕೊನೆಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ್ದು. ಅನ್ನಪಾನ ನಿರೋಧವೆಂದರೆ ಬೇಕೆಂದೇ ಉಪವಾಸ ಕೆಡಹುವುದು ಮಾತ್ರವಲ್ಲ. ಸಾಕಲಾರದಷ್ಟು ಪ್ರಾಣಿಗಳನ್ನು ಕಟ್ಟಿಕೊಂಡು ಎಲ್ಲಕ್ಕೂ ಅರೆಹೊಟ್ಟೆ ಮೇವು ಹಾಕುವುದೂ ಅದೇ. ಪಶುವಿಜ್ಞಾನ ಹೇಳುವ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಸು ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಶೇ 2ರಿಂದ 12ರಷ್ಟು ಮೀಥೇನ್ ರೂಪದಲ್ಲಿ ಗಾಳಿಪಾಲಾಗುತ್ತದೆ. ಬರಿಯ ಒಣಹುಲ್ಲನ್ನೇ ತಿಂದು ಬದುಕುವ ಪ್ರಾಣಿಯಲ್ಲಿ ಈ ನಷ್ಟದ ಪಾಲು ಹೆಚ್ಚು. ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣಗಳನ್ನು ಹದವಾಗಿ ಪಡೆಯುವ ಪ್ರಾಣಿಯಲ್ಲಿ ಕಡಿಮೆ. ಅರೆಹೊಟ್ಟೆಯ ನಾಲ್ಕು ಹಸುಗಳು ಕೊಡುವ ಹಾಲನ್ನು ಹೊಟ್ಟೆ ತುಂಬಿದ ಎರಡೇ ಹಸುಗಳು ಕೊಡಬಲ್ಲವಾದರೆ, ಆ ಹಾಲಿಗಾಗಿ ಗಾಳಿಗೆ ಸೇರುವ ಮೀಥೇನೂ ಗಣನೀಯವಾಗಿ ತಗ್ಗುತ್ತದೆ. ಅಂದರೆ ಹಸುವಿಗೆ ನಾವು ಮಾಡುವ ಅನ್ಯಾಯವೂ ಆಕಾಶಕ್ಕೆ ನಾವು ಮಾಡುವ ಅನ್ಯಾಯವೂ ಒಂದೇ ಬೇರಿನವು. ಆಚಾರ್ಯರು ಹಸುವಿನ ಕಡೆಯಿಂದ ನೋಡಿ ದೋಷವೆಂದದ್ದನ್ನು ವಿಜ್ಞಾನಿಗಳು ಗಾಳಿಯ ಕಡೆಯಿಂದ ನೋಡಿ ದೋಷವೆನ್ನುತ್ತಿದ್ದಾರೆ.

ಆ ಬೇರಿನ ಹೆಸರು ಪರಿಗ್ರಹ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದನೆಂಬ ಗೃಹಸ್ಥನ ಕಥೆಯಿದೆ. ಹತ್ತು ಸಾವಿರ ಗೋವುಗಳ ನಾಲ್ಕು ಮಂದೆಗಳ ಒಡೆಯನಾಗಿದ್ದ ಆತ ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿ, ತನ್ನ ಗೋಸಂಪತ್ತಿಗೂ ಒಂದು ಗಡಿ ಹಾಕಿಕೊಂಡ; ಇದಕ್ಕಿಂತ ಹೆಚ್ಚು ಬೇಡವೆಂದ. ನಲವತ್ತು ಸಾವಿರ ಗೋವುಗಳೆಂದರೆ ನಮಗೆ ಅಚ್ಚರಿಯಾಗಬಹುದು. ಗಮನಿಸಬೇಕಾದದ್ದು ಬೇರೆಯೇ ಇದೆ. ಹೊಲ, ಗಾಡಿ, ಹೊನ್ನುಗಳಂತೆ ದನಗಳೂ ಪರಿಗ್ರಹವೇ, ಅವಕ್ಕೂ ಪರಿಮಾಣ ಬೇಕು ಎಂಬ ತಿಳಿವಳಿಕೆ ಅಂದೇ ಇತ್ತು.

ನಮ್ಮ ಸೀಮೆಯ ಅರಸರೂ ಈ ಲೆಕ್ಕವನ್ನು ಅರಿತಿದ್ದರು. ಚಿಕ್ಕದೇವರಾಜ ಒಡೆಯರು ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯನ್ನು ಕಟ್ಟಿದರು; ಟಿಪ್ಪು ಸುಲ್ತಾನರ ಕಾಲದಲ್ಲಿ ಅದು ಅಮೃತ ಮಹಲ್ ಎನಿಸಿತು. ಆ ವ್ಯವಸ್ಥೆಯ ಜೀವಾಳವೆಂದರೆ ರಾಜ್ಯದುದ್ದಕ್ಕೂ ಮೀಸಲಿಟ್ಟ ಹುಲ್ಲುಗಾವಲುಗಳು, ನಮ್ಮ ಜನ ಕಾವಲು ಎಂದು ಕರೆಯುವ ನೆಲಗಳು. ಆ ಎತ್ತುಗಳು ಎಳೆದದ್ದು ಯುದ್ಧದ ಫಿರಂಗಿಗಳನ್ನು ಎಂಬುದು ಅಹಿಂಸಾವಾದಿಗೆ ನೋವಿನ ಸಂಗತಿ. ಆದರೂ ಹುಲ್ಲನ್ನು ಕಾಯ್ದಿಟ್ಟು ದನವನ್ನು ಸಾಕಿದ ಆ ವಿವೇಕ ಇಂದು ನಮಗೆ ಪಾಠವಾಗಬೇಕು. ನೂರು ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ಇಂದಿನ ಕಂದಾಯ ನಿಯಮವೂ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಗೋಮಾಳ ಈಗ ಎಷ್ಟು ಉಳಿದಿದೆ, ಯಾರ ಬೇಲಿಯೊಳಗೆ ಸೇರಿದೆ ಎಂಬುದನ್ನು ಪ್ರತಿ ಊರೂ ತನ್ನನ್ನೇ ಕೇಳಿಕೊಳ್ಳಬೇಕು. ಗೋವಿಗೆ ಆರತಿ ಎತ್ತಿ ಗೋಮಾಳವನ್ನು ಒತ್ತುವರಿ ಮಾಡುವವನು ಅಚೌರ್ಯವನ್ನೂ ಅಹಿಂಸೆಯನ್ನೂ ಏಕಕಾಲಕ್ಕೆ ಮುರಿದವನಾಗುತ್ತಾನೆ.

ಇನ್ನೂ ಒಂದು ನೋವಿನ ಮಾತನ್ನು ಆಡಲೇಬೇಕು. ಬೇಬಿಬೆಟ್ಟದ ಜಾತ್ರೆಯಲ್ಲಿ, ಹೇಮಗಿರಿಯ ಜಾತ್ರೆಯಲ್ಲಿ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಮಗನಂತೆ ಮೆರೆಸುವ ಹಳ್ಳಿಕಾರ್ ಹೋರಿಗಳನ್ನು ನಾವು ಕಂಡಿದ್ದೇವೆ. ಅದೇ ಊರಿನ ಕೊಟ್ಟಿಗೆಯ ಮೂಲೆಯಲ್ಲಿ ಸೀಮೆಹಸುವಿನ ಗಂಡುಕರು ಹಾಲಿಲ್ಲದೆ ಸೊರಗುವುದನ್ನೂ ಕೆಲವೆಡೆ ಕಂಡಿದ್ದೇವೆ. ಟ್ರ್ಯಾಕ್ಟರು ಬಂದ ಮೇಲೆ ಉಳುಮೆಗೆ ಅದು ಬೇಡ, ಹಾಲು ಅದು ಕೊಡದು. ಹಾಗಾಗಿ ತಾಯಿಯ ಹಾಲಿನಲ್ಲಿ ಅದರ ಪಾಲನ್ನು ಕಡಿದುಬಿಡಲಾಗುತ್ತದೆ. ಕಡ್ಡಿಯಷ್ಟೂ ಹಿಂಸೆ ಮಾಡಿಲ್ಲವೆಂದು ನಂಬಿ ನಾವು ಕುಡಿಯುವ ಲೋಟದಲ್ಲಿ ಆ ಕರುವಿನ ಪಾಲೂ ಇರಬಹುದು. ಮದುವೆಯ ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕೇಳಿ ನೇಮಿನಾಥ ತೀರ್ಥಂಕರರು ರಥ ತಿರುಗಿಸಿ ವಿರಕ್ತರಾದರು. ನಾವು ಅಷ್ಟು ದೂರ ನಡೆಯಲಾರೆವು. ಆದರೆ ಮೂಕ ಆಕ್ರಂದನವನ್ನು ಕೇಳಿಸಿಕೊಳ್ಳುವ ಕಿವಿಯನ್ನಾದರೂ ಉಳಿಸಿಕೊಳ್ಳಬೇಕು. ಮುದಿಹಸು, ಗಂಡುಕರುಗಳನ್ನು ಸಾಕುವ ಪಿಂಜರಾಪೋಲುಗಳು ಜೈನ ಸಮಾಜದ ಹಳೆಯ ಪುಣ್ಯಕಾರ್ಯ; ಮೈಸೂರಿನಲ್ಲಿಯೂ ಅಂಥ ಒಂದು ಇದೆ. ಅವುಗಳಿಗೆ ಪ್ರಾಣಿಯನ್ನು ಒಪ್ಪಿಸಿ ಬರುವಷ್ಟೇ ಶ್ರದ್ಧೆಯಿಂದ ಮೇವಿನ ದಾನವನ್ನೂ ಕೊಡುವವರು ಹೆಚ್ಚಬೇಕು.

ಕೊಟ್ಟಿಗೆಯ ಹೊರಗಿನ ಕೆಲಸಗಳೂ ಇವೆ. ಸಗಣಿಯನ್ನು ಗಂಜಲ, ತೊಳೆದ ನೀರುಗಳೊಂದಿಗೆ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಅಲ್ಲಿಯೂ ಮೀಥೇನ್ ಹುಟ್ಟುತ್ತದೆ. ಅದೇ ಸಗಣಿ ಗೋಬರ್ ಗ್ಯಾಸ್ ತೊಟ್ಟಿಗೆ ಹೋದರೆ ಆ ಅನಿಲ ಒಲೆಯಲ್ಲಿ ಉರಿದು ಅಡುಗೆಯಾಗುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಒಗರು ಸತ್ವವುಳ್ಳ ಸಸ್ಯಮೂಲಗಳಿಂದ ‘ಹರಿತ ಧಾರಾ’ ಎಂಬ ಪೂರಕ ಮೇವನ್ನು ರೂಪಿಸಿದ್ದು, ಅದರಿಂದ ಹಸುವಿನ ಮೀಥೇನ್ ಶೇ 17ರಿಂದ 20ರಷ್ಟು ಕಡಿಮೆಯಾಗುತ್ತದೆಂದು ತಿಳಿಸಿದ್ದಾರೆ. ಇಂಥವು ಡೇರಿಗಳ ಮೂಲಕ ಸಣ್ಣ ರೈತನ ಕೈಗೆಟಕುವ ಬೆಲೆಗೆ ದೊರೆಯುವಂತೆ ಮಾಡುವುದು ಸರ್ಕಾರದ ಮತ್ತು ಒಕ್ಕೂಟಗಳ ಹೊಣೆ. ಬಡವನ ಹೆಗಲಿಗೆ ಉಪದೇಶವನ್ನಷ್ಟೇ ಹೇರುವುದೂ ಒಂದು ಬಗೆಯ ಅತಿಭಾರವೇ ಸರಿ.

ನೀರಾವರಿ ಸೀಮೆಯ ರೈತರಿಗೆ ಇನ್ನೊಂದು ಮಾತು. ಸದಾ ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿಯೂ, ಹಸುವಿನ ಹೊಟ್ಟೆಯಲ್ಲಿ ಆಗುವಂತೆಯೇ, ಗಾಳಿಯಿಲ್ಲದೆ ಕೊಳೆತು ಮೀಥೇನ್ ಹುಟ್ಟುತ್ತದೆ. ನಡುನಡುವೆ ಗದ್ದೆಯನ್ನು ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಅದು ಬಹಳಷ್ಟು ತಗ್ಗುತ್ತದೆ, ನೀರೂ ಉಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರಿನ ಕೊರತೆಯ ವರ್ಷ ಕಟ್ಟು ಪದ್ಧತಿಯನ್ನು ಅನುಸರಿಸುವುದು ಹೊಸತಲ್ಲ. ಕೊರತೆಗೆ ಮಣಿದು ಮಾಡುವುದನ್ನು ಸಮೃದ್ಧಿಯ ವರ್ಷದಲ್ಲಿಯೂ ಸ್ವಇಚ್ಛೆಯಿಂದ ಮಾಡಿದರೆ ಅದು ವ್ರತವಾಗುತ್ತದೆ. ಕಬ್ಬು ಕಡಿದ ಮೇಲೆ ಒಣ ತರಗಿಗೆ ಬೆಂಕಿ ಹಚ್ಚುವುದಂತೂ ನಿಷ್ಪ್ರಯೋಜಕ ಹಿಂಸೆ. ಅನರ್ಥದಂಡವೆಂಬ ದೋಷಗಳಲ್ಲಿ ಪ್ರಮಾದಚರ್ಯೆಯೂ ಒಂದು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು ಅದರಲ್ಲಿ ಸೇರುತ್ತವೆ. ಆ ತರಗಿನ ಅಡಿಯಲ್ಲಿ ಎಷ್ಟು ಜೀವಗಳು ಮನೆ ಮಾಡಿವೆಯೋ ಬಲ್ಲವರಾರು?

ಕೊನೆಗೆ, ಹಸು ಸಾಕದೆ ಹಾಲನ್ನು ಮಾತ್ರ ಕೊಳ್ಳುವ ನಮ್ಮ ಮಾತು. ಊರ ಡೇರಿಗೆ ಹಾಲು ಹರಿಯುವುದು ಪಟ್ಟಣದ ನಮ್ಮ ಬಾಯಿಗಾಗಿಯೇ. ಫ್ರಿಜ್ಜಿನಲ್ಲಿ ಮರೆತು ಹುಳಿಯಾದ ಹಾಲು, ಮದುವೆಯ ಎಲೆಯಲ್ಲಿ ಉಳಿದು ಹೋದ ಸಿಹಿ, ಇವುಗಳ ಹಿಂದೆ ಹಸುವಿನ ಶ್ರಮ, ರೈತನ ನಿದ್ರೆ, ಹೊಲದ ನೀರು, ಗಾಳಿಗೆ ಸೇರಿದ ಬಿಸಿ ಎಲ್ಲವೂ ಇವೆ. ಇಂದು ಜೈನರಲ್ಲಿ ಕೆಲವರು ಹಾಲನ್ನೇ ತ್ಯಜಿಸಿದ್ದಾರೆ. ಅದು ಅವರ ತ್ಯಾಗ, ಗೌರವಕ್ಕೆ ಅರ್ಹ. ತ್ಯಜಿಸಲಾರದವರಿಗೆ ಭೋಗೋಪಭೋಗ ಪರಿಮಾಣವೆಂಬ ಶಿಕ್ಷಾವ್ರತವಿದೆ. ಎಷ್ಟು ಬೇಕೋ ಅಷ್ಟು, ಅದಕ್ಕಿಂತ ಒಂದು ಹನಿಯೂ ಹೆಚ್ಚಿಲ್ಲ.

ಪೂಜೆಗೂ ಈ ಮಾತು ಅನ್ವಯಿಸುತ್ತದೆ. ಇದನ್ನು ನಮಗೆ ಬಹಳ ಹಿಂದೆಯೇ ಕಲಿಸಿದವಳು, ಕಂಬದಹಳ್ಳಿಗೆ ಅನತಿದೂರದ ಶ್ರವಣಬೆಳಗೊಳದ ಗುಳ್ಳಕಾಯಜ್ಜಿ. ಗೊಮ್ಮಟೇಶ್ವರನ ಪ್ರಥಮ ಅಭಿಷೇಕಕ್ಕೆ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದು ಗುಟುಕು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದಿಂದ ಕೆಳಗೆ ಹರಿಯಿತು ಎಂಬುದು ಐತಿಹ್ಯ. ಆ ಅಜ್ಜಿಯ ಮೂರ್ತಿಯನ್ನು ಗೊಮ್ಮಟನ ಎದುರಿನಲ್ಲಿಯೇ ನಿಲ್ಲಿಸಿದ ನಮ್ಮ ಹಿರಿಯರು, ಭಕ್ತಿಗೆ ಕೊಡಗಳ ಲೆಕ್ಕವಿಲ್ಲವೆಂಬುದನ್ನು ಕಲ್ಲಿನಲ್ಲಿ ಬರೆದಿಟ್ಟರು. ನಮ್ಮ ಬಸದಿಗಳ ನಿತ್ಯಾಭಿಷೇಕದಲ್ಲಿ, ಹಬ್ಬದ ದಿನಗಳ ಅಭಿಷೇಕದಲ್ಲಿ ಆ ಗುಳ್ಳಕಾಯಿಯ ಅಳತೆಯನ್ನು ನೆನೆಯುವುದರಿಂದ ಧರ್ಮಕ್ಕೆ ಕುಂದುಂಟಾಗದು. ಉಳಿದ ಹಾಲು ಹಸಿದ ಮಗುವಿಗೆ ಅಥವಾ ಸೊರಗಿದ ಕರುವಿಗೆ ಸಂದರೆ ಅದೂ ಅಭಿಷೇಕವೇ.

ಇಷ್ಟೆಲ್ಲ ಮಾಡಿದರೆ ಫಲವುಂಟೇ ಎಂಬ ಸಂದೇಹ ಸಹಜ. ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಇಂಗಾಲದ ಡೈಆಕ್ಸೈಡು ಒಮ್ಮೆ ಗಾಳಿಗೆ ಸೇರಿದರೆ ಅದರ ಪಾಲು ಶತಮಾನಗಳವರೆಗೆ ಉಳಿಯುತ್ತದೆ. ಮೀಥೇನಿನ ಸರಾಸರಿ ಆಯುಷ್ಯವಾದರೋ ಸುಮಾರು 12 ವರ್ಷ. ಒಂದು ಮಹಾಮಸ್ತಕಾಭಿಷೇಕದಿಂದ ಮತ್ತೊಂದಕ್ಕೆ ಇರುವ ಅಂತರವೂ ಅಷ್ಟೇ. 2018ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಗಾಳಿಗೆ ಸೇರಿದ ಮೀಥೇನಿನ ಬಹುಭಾಗ ಮುಂದಿನದರ ಹೊತ್ತಿಗೆ ತಾನಾಗಿಯೇ ಕರಗಿಹೋಗಿರುತ್ತದೆ. ಅಷ್ಟರಲ್ಲಿ ನಾವು ಹೊಸತಾಗಿ ಎಷ್ಟು ಸೇರಿಸುತ್ತೇವೆ ಎಂಬುದೇ ಪ್ರಶ್ನೆ. ಜೈನ ಸಿದ್ಧಾಂತವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಹೊಸ ಕರ್ಮ ಒಳಬರುವುದು ಆಸ್ರವ, ಅದನ್ನು ತಡೆಯುವುದು ಸಂವರ, ಕೂಡಿದ್ದು ಉದುರಿಹೋಗುವುದು ನಿರ್ಜರೆ. ಒಳಹರಿವನ್ನು ತಡೆಯದೆ ನಿರ್ಜರೆಯನ್ನು ಮಾತ್ರ ಬಯಸಿದರೆ ಬಿಡುಗಡೆಯಿಲ್ಲ. ಆತ್ಮಕ್ಕೆ ಹೇಳಿದ ಈ ಕ್ರಮ ಆಕಾಶಕ್ಕೂ ದೃಷ್ಟಾಂತವಾಗಿ ಒಪ್ಪುತ್ತದೆ.

ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬುದು ಜಿನಧರ್ಮದ ನಿಲುವು. ಹಸು ತನ್ನ ಪಾಲಿನ ಉಪಕಾರವನ್ನು ಎಂದೂ ತಪ್ಪಿಸಿಲ್ಲ. ಹಾಲು ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ನೊಗ ಹೊತ್ತಿದೆ. ನಾವು ಪ್ರತಿಯಾಗಿ ಕೊಡಬೇಕಾದದ್ದು ಹೊಟ್ಟೆ ತುಂಬ ಮೇವು, ಮೇಯಲು ನೆಲ, ಕೊನೆಯವರೆಗೂ ನೆರಳು, ಮತ್ತು ನಮ್ಮ ಆಸೆಗೆ ಒಂದು ಗೆರೆ. ಈ ವಾರ ಕೊಟ್ಟಿಗೆಯುಳ್ಳ ಮನೆಯವರು ತಾವು ಚೆನ್ನಾಗಿ ಸಾಕಬಲ್ಲ ಹಸುಗಳೆಷ್ಟು ಎಂದು, ಕೊಟ್ಟಿಗೆಯಿಲ್ಲದ ಮನೆಯವರು ತಮಗೆ ನಿಜವಾಗಿ ಬೇಕಾದ ಹಾಲೆಷ್ಟು ಎಂದು ಕುಳಿತು ಎಣಿಸಿದರೆ, ವ್ರತ ಅಲ್ಲಿಂದ ಆರಂಭವಾಗುತ್ತದೆ.